ಗೋಡೆ ಮಣ್ಣಿನದು, ಬೀಗ ಕಬ್ಬಿಣದ್ದು

ಪರಿಸರಸ್ನೇಹಿ ಸಮುದಾಯ ಭವನ ಎಂದ ಕೂಡಲೇ ಈಗ ಎಲ್ಲರ ಕಣ್ಣಿಗೂ ಒಂದೇ ಚಿತ್ರ ಬರುತ್ತದೆ: ಗಾರೆ ಮೆತ್ತದ ಮಣ್ಣಿನ ಇಟ್ಟಿಗೆ, ಬಿದಿರಿನ ಜಾಲರಿ, ಮಾಡಿನ ಮೇಲೆ ಸೋಲಾರ್ ಫಲಕ, ಮೂಲೆಯಲ್ಲೊಂದು ಮಳೆನೀರಿನ ತೊಟ್ಟಿ. ಎದುರು ಪಕ್ಷದವರ ನಂಬಿಕೆಯೂ ಅಷ್ಟೇ ಗಟ್ಟಿ. ಅವರ ಪ್ರಕಾರ ಮಣ್ಣು ಗತಿಯಿಲ್ಲದವರ ಸಾಮಾನು, ಆರ್‌ಸಿಸಿ ಹಾಕಿದರೇ ಪಕ್ಕಾ. ಇಬ್ಬರೂ ಜಗಳವಾಡುತ್ತಿರುವುದು ಗೋಡೆಯ ಬಗ್ಗೆ. ಜನ ಸೇರುವ ಜಾಗದಲ್ಲಿ ಗೋಡೆಯದು ಮೂರನೆಯ ಮಾತು. ಮೊದಲು ಕೇಳಬೇಕಾದದ್ದು ಅಲ್ಲಿ ವರ್ಷಕ್ಕೆ ಎಷ್ಟು ಹೊತ್ತು ಜನ ಇರುತ್ತಾರೆ ಎಂದು. ಆಮೇಲೆ, ಅವರ ತಲೆಯ ಮೇಲಿನ ಮಾಡು ಎಷ್ಟು ಅಗಲ ಚಾಚಿಕೊಂಡಿದೆ ಎಂದು.

ಒಂದು ಸಣ್ಣ ಲೆಕ್ಕ ಹಾಕೋಣ. ನಲವತ್ತು ಅಡಿ ಉದ್ದ, ಇಪ್ಪತ್ತೈದು ಅಡಿ ಅಗಲದ ಹಾಲ್. ಐದು ಇಂಚಿನ ತಾರಸಿ ಹಾಕಿದರೆ ಸುಮಾರು ಹನ್ನೆರಡು ಘನ ಮೀಟರ್ ಕಾಂಕ್ರೀಟು, ಅಂದರೆ 75ಕ್ಕೂ ಹೆಚ್ಚು ಚೀಲ ಸಿಮೆಂಟು ಮತ್ತು ಒಂದು ಟನ್ನಿನ ಆಸುಪಾಸು ಕಬ್ಬಿಣ. ತೊಲೆ, ಕಂಬ, ಪಾಯ ಇದರಲ್ಲಿ ಸೇರಿಲ್ಲ. ಒಂದು ಚೀಲ ಸಿಮೆಂಟು ತಯಾರಾಗುವಾಗ ಹೆಚ್ಚುಕಮ್ಮಿ 30 ಕಿಲೋ ಇಂಗಾಲದ ಡೈಆಕ್ಸೈಡು ಹೊರಬೀಳುತ್ತದೆ. ಕಬ್ಬಿಣದ ಪಾಲನ್ನೂ ಕೂಡಿದರೆ ತಾರಸಿಯೊಂದರಿಂದಲೇ ನಾಲ್ಕು ಟನ್ನಿಗೂ ಮೇಲಾಗುತ್ತದೆ. ಇನ್ನು ಕರೆಂಟು. ಆ ಹಾಲಿನಲ್ಲಿ ಹತ್ತು ಫ್ಯಾನುಗಳಿವೆ, ವರ್ಷಕ್ಕೆ ಇಪ್ಪತ್ತು ದಿನ, ದಿನಕ್ಕೆ ಹತ್ತು ತಾಸು ತಿರುಗುತ್ತವೆ ಎಂದುಕೊಳ್ಳಿ. 150 ಯೂನಿಟ್ಟು ಆಯಿತು. ನಮ್ಮ ಗ್ರಿಡ್ಡಿನ ವಿದ್ಯುತ್ತಿನ ಲೆಕ್ಕದಲ್ಲಿ ಅದು ಸುಮಾರು 110 ಕಿಲೋ. ತಾರಸಿ ಹಾಕಿದ ದಿನವೇ ನಾವು ನಲವತ್ತು ವರ್ಷದ ಫ್ಯಾನಿನ ಗಾಳಿಯನ್ನು ಖರ್ಚು ಮಾಡಿ ಮುಗಿಸಿರುತ್ತೇವೆ.

ಕಾರ್ಪೊರೇಟ್ ಕಚೇರಿಯ ಕಥೆ ಬೇರೆ. ಅಲ್ಲಿ ಎ.ಸಿ. ದಿನವಿಡೀ ಓಡುತ್ತದೆ, ಹಾಗಾಗಿ ವಿದ್ಯುತ್ ಉಳಿಸಿದ್ದಕ್ಕೆ ನಕ್ಷತ್ರದ ರೇಟಿಂಗ್ ಕೊಡುವುದರಲ್ಲಿ ಅರ್ಥವಿದೆ. ಅದೇ ಅಳತೆಗೋಲನ್ನು ಊರಿನ ಭವನದ ಮೇಲೆ ತಂದಿಟ್ಟು, ಎಲ್‌ಇಡಿ ದೀಪ ಮತ್ತು ಸೋಲಾರ್ ಫಲಕ ಹಾಕಿ ಹಸಿರಾಯಿತು ಎನ್ನುವುದು ಕಣ್ಕಟ್ಟು. ಬೀಗ ಹಾಕಿದ ಕಟ್ಟಡದಲ್ಲಿ ಕರೆಂಟು ಹೇಗೂ ಉರಿಯುವುದಿಲ್ಲ.

ಮಣ್ಣಿನ ಪಕ್ಷದವರು ಗೋಡೆಯ ಮಟ್ಟಿಗೆ ಸರಿಯೇ ಇದ್ದಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ ಹುಟ್ಟಿದ 'ಅಸ್ತ್ರ' ತಂಡ, ಅದರಲ್ಲಿದ್ದ ಕೆ.ಎಸ್. ಜಗದೀಶರಂಥವರು, ಕೈಯಂತ್ರದಲ್ಲಿ ಒತ್ತಿ ತೆಗೆದ ಮಣ್ಣಿನ ಇಟ್ಟಿಗೆ ಏನು ತಾಳುತ್ತದೆಂದು ತೋರಿಸಿಕೊಟ್ಟರು. ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿದರೆ ಸಾಕು, ಸುಡುವ ಕೆಲಸವಿಲ್ಲ. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಅರ್ಧಕ್ಕಿಂತ ಹೆಚ್ಚು ಇಂಧನ ಉಳಿತಾಯ. ಆದರೆ ಈ ತಂತ್ರ ಚೆನ್ನಾಗಿ ನೆಲೆಯೂರಿದ್ದು ಮನೆಗಳಲ್ಲಿ. ಮನೆಯೆಂದರೆ ಹತ್ತು-ಹನ್ನೆರಡು ಅಡಿಯ ಕೋಣೆಗಳು; ಅಲ್ಲಿ ಗೋಡೆಯೇ ಬಹುಪಾಲು. ಹಾಲ್ ಎಂದರೆ ಬಹುಪಾಲು ಮಾಡು. ಇಪ್ಪತ್ತೈದು ಅಡಿ ಅಗಲದ ತಾರಸಿಯನ್ನು ಹೊರಲು ಬೇಕಾದ ತೊಲೆಗಳನ್ನು ಹಾಕಿ, ನಡುವಿನ ಖಾಲಿ ಜಾಗಕ್ಕೆ ಮಣ್ಣಿನ ಇಟ್ಟಿಗೆ ತುಂಬಿಸಿದರೆ ಫೋಟೋ ಚಂದ ಬರುತ್ತದೆ.

ಇಷ್ಟಕ್ಕೂ ಆ ಅಗಲ ಯಾಕೆ ಬೇಕು? 'ಕಂಬ ಅಡ್ಡ ಬರುತ್ತೆ' ಎಂಬ ಒಂದೇ ಮಾತಿಗಾಗಿ. ಊರಿನ ಭವನವನ್ನು ನಾವು ಪೇಟೆಯ ಕಲ್ಯಾಣ ಮಂಟಪದ ಅಚ್ಚಿನಲ್ಲೇ ಎರೆಯುತ್ತಿದ್ದೇವೆ: ಮೂರಡಿ ಎತ್ತರದ ವೇದಿಕೆ, ಅದರತ್ತ ಮುಖ ಮಾಡಿದ ಕುರ್ಚಿಗಳು, ಹಿಂದೆ ಊಟದ ಹಾಲ್. ಕಂಬಗಳ ನಡುವಿನ ಅಂತರ ಇಮ್ಮಡಿಯಾದರೆ ತೊಲೆಯನ್ನು ಬಗ್ಗಿಸುವ ಹೊರೆ ನಾಲ್ಮಡಿಯಾಗುತ್ತದೆ. ಯಾವ ಎಂಜಿನಿಯರನ್ನು ಕೇಳಿದರೂ ಹೇಳುತ್ತಾರೆ. ವಿಡಿಯೋದವನ ಕ್ಯಾಮೆರಾಕ್ಕೆ ಅಡ್ಡವಾಗಬಾರದೆಂದು ಅಷ್ಟು ಕಬ್ಬಿಣ ಸುರಿಯುತ್ತೇವೆ. ಅದೇ ಮದುವೆಗೆ ಹೊರಗೆ ಶಾಮಿಯಾನಾ ಹಾಕಿದಾಗ ಅದರ ತುಂಬ ಕಂಬಗಳಿರುತ್ತವೆ, ಯಾರೂ ಗೊಣಗುವುದಿಲ್ಲ.

ಕನ್ನಡ ನಾಡಿನಲ್ಲಿ ಜನ ಸೇರಿದ್ದೇ ಕಂಬಗಳ ನಡುವೆ. ತರೀಕೆರೆ ಹತ್ತಿರದ ಅಮೃತಾಪುರದಲ್ಲಿ ಅಮೃತೇಶ್ವರ ದೇಗುಲದ ತೆರೆದ ಮಂಟಪವನ್ನು ನೋಡಿ. ಹನ್ನೆರಡನೆಯ ಶತಮಾನದ ಕೊನೆಯ ಕಟ್ಟಡ. ಸಾಲುಸಾಲು ಕಂಬ, ಸುತ್ತ ತಗ್ಗು ಗೋಡೆ, ಅದರಾಚೆ ಗಾಳಿ-ಬೆಳಕು. ಇಂಥ ಮಂಟಪಗಳಲ್ಲಿ ಕಂಬಕ್ಕೆ ಬೆನ್ನು ಕೊಟ್ಟು ಕೂತವನನ್ನು ಕಂಡವರಿಗೆ ಕಂಬ ಯಾಕೆ ಬೇಕೆಂದು ವಿವರಿಸಬೇಕಿಲ್ಲ. ನಾಲ್ಕು ಜನ ಬಂದರೆ ಒಂದು ಕಂಬದ ಬುಡ ಸಾಕು, ನಾನೂರು ಜನ ಬಂದರೆ ಮಂಟಪವೇ ತುಂಬುತ್ತದೆ. ನಮ್ಮ ಹಾಲಿನಲ್ಲಿ ಇಪ್ಪತ್ತು ಜನ ಕೂತರೆ ಅನಾಥರಂತೆ ಕಾಣುತ್ತಾರೆ. ಸಾಲದ್ದಕ್ಕೆ ಪ್ರತಿಧ್ವನಿ. ನುಣ್ಣನೆ ಗಾರೆ, ಟೈಲ್ಸು, ಕಾಂಕ್ರೀಟು, ಯಾವುದೂ ಸದ್ದನ್ನು ಹೀರುವುದಿಲ್ಲ. ಅಷ್ಟು ದೊಡ್ಡ ಹಾಲಿನಲ್ಲಿ ಅಷ್ಟು ಕಮ್ಮಿ ಜನ ಇದ್ದಾಗ ಒಂದು ಮಾತು ಮೂರು ಸೆಕೆಂಡಾದರೂ ತಿರುಗಾಡುತ್ತಿರುತ್ತದೆ. ಮುಂದಿನ ಮಾತು ಅದರ ಮೇಲೆ ಬಂದು ಬೀಳುತ್ತದೆ. ಗ್ರಾಮಸಭೆಯಲ್ಲಿ ಹಿಂದೆ ಕೂತ ಹೆಂಗಸು ಏನು ಕೇಳಿದಳೆಂದು ಮುಂದಿನವರಿಗೆ ತಿಳಿಯುವುದೇ ಇಲ್ಲ. ಮೈಕು ತಂದರೆ ಇನ್ನೂ ಕೆಡುತ್ತದೆ.

ಹಾಗೆಂದು 'ಅರಳಿಕಟ್ಟೆಗೆ ಮರಳೋಣ' ಎನ್ನುವವರ ಜೊತೆಗೂ ನಾನಿಲ್ಲ. ಆ ಕಟ್ಟೆಯ ಮೇಲೆ ಯಾರು ಕೂರಬಹುದಿತ್ತು, ಯಾರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಬೇಕಿತ್ತು ಎಂಬುದು ಮರೆಯುವಂಥದ್ದಲ್ಲ. ಊರೂರಲ್ಲಿ ಅಂಬೇಡ್ಕರ್ ಭವನ ಎದ್ದದ್ದು ಆ ಕಟ್ಟೆಗೆ ಉತ್ತರವಾಗಿ. ಅಲ್ಲಿ ಬೀಗದ ಕೈ ತಮ್ಮ ಬಳಿಯೇ ಇದೆ ಎನ್ನುವುದು ದಲಿತರಿಗೆ ಸಣ್ಣ ವಿಷಯವಲ್ಲ. ತಾರಸಿ ಪಕ್ಕಾ ಇರಬೇಕೆಂಬುದೂ ಆ ಮರ್ಯಾದೆಯ ಭಾಗವೇ. ಗುಡಿಸಲಿನಿಂದ ಈಗಷ್ಟೇ ಹೊರಬಂದವರಿಗೆ ನಗರದಿಂದ ಹೋಗಿ ಮಣ್ಣಿನ ಮಹಿಮೆ ಹೇಳುವುದರಲ್ಲಿ ಒಂದು ಬಗೆಯ ಒರಟುತನವಿದೆ. ಈಜಿಪ್ಟಿನಲ್ಲಿ ಹಸನ್ ಫತಿ ಎಂಬ ದೊಡ್ಡ ವಾಸ್ತುಶಿಲ್ಪಿ 1940ರ ದಶಕದಲ್ಲಿ ಲಕ್ಸರ್ ಬಳಿ ಹೊಸ ಗುರ್ನಾ ಎಂಬ ಹಳ್ಳಿಯನ್ನು ಹಸಿ ಇಟ್ಟಿಗೆಯಲ್ಲಿ ಕಟ್ಟಿದ. ಮಸೀದಿ, ಸಂತೆಕಟ್ಟೆ, ನಾಟಕಶಾಲೆ ಎಲ್ಲ ಇತ್ತು. ಹಳೆಯ ಗುರ್ನಾದ ಜನ ಅಲ್ಲಿಗೆ ಹೋಗಲು ಒಪ್ಪಲಿಲ್ಲ, ಕೆಲಸ ಅರ್ಧಕ್ಕೇ ನಿಂತಿತು. ವಾಸ್ತುಶಿಲ್ಪದ ಪುಸ್ತಕಗಳು ಇವತ್ತಿಗೂ ಅದರ ಕಮಾನುಗಳನ್ನು ಹೊಗಳುತ್ತವೆ.

ಮರ್ಯಾದೆಯೂ ಉಳಿಯಬೇಕು, ಸಿಮೆಂಟೂ ಇಳಿಯಬೇಕು ಎನ್ನುವುದಾದರೆ ದಾರಿ ಇಲ್ಲದಿಲ್ಲ. ಕೋಲಾರ, ತುಮಕೂರಿನ ಕಡೆ ಕಲ್ಲುಕಂಬ ನೆಟ್ಟು ಚಪ್ಪಡಿ ಹೊದಿಸಿದರೆ ಅದನ್ನು ಬಡತನ ಎಂದು ಯಾರೂ ಕರೆಯುವುದಿಲ್ಲ. ಎಂಟು-ಒಂಬತ್ತು ಅಡಿಗೊಂದು ಕಂಬ ಬರುತ್ತದೆ, ಬರಲಿ. (ಕಲ್ಲು ಕ್ವಾರಿಯ ದೂಳು ತಿನ್ನುವ ಊರುಗಳ ಕಷ್ಟ ಬೇರೆಯೇ ಲೇಖನಕ್ಕಾಗುವಷ್ಟಿದೆ.) ಕರಾವಳಿಗೆ ಮುರಕಲ್ಲು ಮತ್ತು ಹೆಂಚು ಹೊಸತೇನಲ್ಲ, ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ 1865ರಲ್ಲೇ ಹೆಂಚಿನ ಕಾರ್ಖಾನೆ ಹಾಕಿದ್ದರು. ತಾರಸಿಯೇ ಆಗಬೇಕೆಂದರೆ ವಾಸ್ತುಶಿಲ್ಪಿ ಲಾರಿ ಬೇಕರ್ ಕೇರಳದಲ್ಲಿ ಮಾಡಿ ತೋರಿಸಿದಂತೆ, ತಾರಸಿಯ ಕೆಳಪದರದಲ್ಲಿ ಕೆಲಸವಿಲ್ಲದೆ ಕೂತ ಕಾಂಕ್ರೀಟಿನ ಜಾಗಕ್ಕೆ ಹಳೆ ಹೆಂಚು ಇಡಬಹುದು.

ಇವೆಲ್ಲವೂ ಬಳಕೆಯ ಪ್ರಶ್ನೆಯ ಮುಂದೆ ಸಣ್ಣವು. ಬೆಂಗಳೂರಿನ ರಂಗಶಂಕರ ನಾಟಕಮಂದಿರ 2004ರಲ್ಲಿ ಬಾಗಿಲು ತೆರೆಯಿತು. ಮಣ್ಣಿನ ಕಟ್ಟಡವಲ್ಲ. ಆದರೆ ಸೋಮವಾರವೊಂದು ಬಿಟ್ಟು ಹೆಚ್ಚುಕಮ್ಮಿ ದಿನಾ ನಾಟಕ. ಅದಕ್ಕೆ ಸುರಿದ ಒಂದೊಂದು ಚೀಲ ಸಿಮೆಂಟೂ ಸಾವಿರಾರು ಸಂಜೆಗಳ ಮೇಲೆ ಹಂಚಿಹೋಗಿದೆ. ವರ್ಷಕ್ಕೆ ಇಪ್ಪತ್ತು ದಿನ ತೆರೆಯುವ ಮಣ್ಣಿನ ಭವನ ಈ ಪಂದ್ಯದಲ್ಲಿ ಗೆಲ್ಲುವುದಿಲ್ಲ.

ಹಳ್ಳಿಗೆ ದಿನಾ ನಾಟಕ ಬರುವುದಿಲ್ಲ, ನಿಜ. ಆದರೆ ಪಂಚಾಯಿತಿಗೆ ಈಗಾಗಲೇ 'ಅರಿವು ಕೇಂದ್ರ'ದ ಗ್ರಂಥಾಲಯವಿದೆ, ಹಲವೆಡೆ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರವಿದೆ, ಸ್ವಸಹಾಯ ಸಂಘದ ಸಭೆಗಳಿವೆ. ಒಂದೊಂದಕ್ಕೂ ಬೇರೆ ಕೋಣೆ ಹುಡುಕುತ್ತೇವೆ. ಎರಡು ತುದಿಗೆ ಬೀಗ ಹಾಕಬಹುದಾದ ಎರಡು ಕೋಣೆ, ನಡುವೆ ಬಾಗಿಲೇ ಇಲ್ಲದ ಕಂಬಸಾಲಿನ ಪಡಸಾಲೆ, ಮುಂದೆ ಶಾಮಿಯಾನಾ ಹಾಕುವಷ್ಟು ಅಂಗಳ. ಹಗಲು ಕೂಸುಗಳು, ಸಂಜೆ ಪೇಪರು ಓದುವವರು, ಮದುವೆಗೆ ಎಲ್ಲರೂ. ಸಾಮಾನು ಕಳುವಾಗುತ್ತದೆ, ಇಸ್ಪೀಟು ಆಡುವವರು ಬಂದು ಕೂರುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ಬೀಗ ಹಾಕಿದ ಭವನದ ಹಿಂದೆಯೂ ಇಸ್ಪೀಟು ನಡೆಯುತ್ತದೆ. ಇಲ್ಲಿ ಕಣ್ಣೆದುರಿಗಾದರೂ ನಡೆಯುತ್ತದೆ. ನನಗೆ ಕಾಣುವ ದೊಡ್ಡ ತೊಡಕು ಒಂದೇ. ನಡುವೆ ಗೋಡೆಯೇ ಇಲ್ಲದಿದ್ದರೆ ಶಾಸಕರಿಂದ ಗುತ್ತಿಗೆದಾರರವರೆಗೆ ಎಲ್ಲರ ಹೆಸರು ಕೆತ್ತಿದ ಉದ್ಘಾಟನೆಯ ಗ್ರಾನೈಟು ಫಲಕವನ್ನು ಎಲ್ಲಿ ಕೂರಿಸುವುದು? ಕಂಬಕ್ಕೆ ಬೇಕಾದರೆ ಹಚ್ಚಬಹುದು, ಅರ್ಧ ಹೆಸರು ಬಿಡಬೇಕಾಗುತ್ತದೆ.