ಮುಂದೇನಾಯಿತು ಎಂಬ ಪ್ರಶ್ನೆ

ಪತ್ತೇದಾರಿ, ಐತಿಹಾಸಿಕ, ಸಾಮಾಜಿಕ ಎಂದು ಕಾದಂಬರಿಗಳನ್ನು ಬೇರೆ ಬೇರೆ ಕಪಾಟಿನಲ್ಲಿಡುವುದು ಲೈಬ್ರರಿಯವರಿಗೆ ಅನುಕೂಲ. ನಮ್ಮ ವಿಮರ್ಶೆಯೂ ಅದೇ ಕಪಾಟುಗಳನ್ನು ಇಟ್ಟುಕೊಂಡು, ಮೇಲಿನ ಅರೆಗೆ ಗಂಭೀರ, ಕೆಳಗಿನದಕ್ಕೆ ಜನಪ್ರಿಯ ಎಂದು ಚೀಟಿ ಅಂಟಿಸಿದ್ದು ಕನ್ನಡ ಓದುಗರಿಗೆ ಆದ ನಷ್ಟ. ಕಳೆದ ತಿಂಗಳು ಆ ಚೀಟಿಗಳನ್ನು ನೋಡದೆ ಓದುತ್ತ ಹೋದೆ. ತೇಜಸ್ವಿಯವರ ‘ಜುಗಾರಿ ಕ್ರಾಸ್’ ಮತ್ತು ‘ಕರ್ವಾಲೊ’, ತರಾಸು ಅವರ ‘ದುರ್ಗಾಸ್ತಮಾನ’, ವಿವೇಕ ಶಾನಭಾಗರ ‘ಘಾಚರ್ ಘೋಚರ್’, ವಸುಧೇಂದ್ರರ ‘ತೇಜೋ ತುಂಗಭದ್ರಾ’, ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’, ನಡುನಡುವೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು. ಹೆಚ್ಚಿನವು ಮೊದಲೇ ಓದಿದ್ದವು. ಒಂದರ ಬೆನ್ನಿಗೆ ಇನ್ನೊಂದನ್ನು ಹಿಡಿದಾಗ ಮಾತ್ರ ಅವುಗಳ ನಡುವಿನ ನಿಜವಾದ ವ್ಯತ್ಯಾಸ ಕಣ್ಣಿಗೆ ಬಿತ್ತು. ಮುಂದೇನಾಯಿತು ಎಂದು ಕೇಳುವ ಓದುಗನನ್ನು ಒಂದೊಂದು ಕಾದಂಬರಿಯೂ ಒಂದೊಂದು ರೀತಿ ನಡೆಸಿಕೊಳ್ಳುತ್ತದೆ. ಅದರ ಯೋಗ್ಯತೆ ಗೊತ್ತಾಗುವುದು ಅಲ್ಲೇ.

ನರಸಿಂಹಯ್ಯನವರಿಂದಲೇ ಶುರು ಮಾಡುತ್ತೇನೆ. ಪ್ರಾಥಮಿಕ ಶಾಲೆಯ ನಾಲ್ಕನೇ ತರಗತಿಗೇ ಓದು ನಿಂತರೂ 500ಕ್ಕೂ ಹೆಚ್ಚು ಕಾದಂಬರಿ ಬರೆದವರು ಅವರು. ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿ ಕನ್ನಡ ಓದುವುದನ್ನು ರೂಢಿ ಮಾಡಿಕೊಂಡವರು ನಾಡಿನ ತುಂಬ ಇದ್ದಾರೆ. ಅವರ ಬರವಣಿಗೆಯಲ್ಲಿ ಒಂದು ಶಿಸ್ತಿದೆ: ಕತೆ ಎಲ್ಲಿಯೂ ನಿಲ್ಲುವುದಿಲ್ಲ, ತಮ್ಮ ಜಾಣ್ಮೆ ತೋರಿಸಲು ಲೇಖಕರು ಒಂದು ಪ್ಯಾರಾ ಕೂಡ ಖರ್ಚು ಮಾಡುವುದಿಲ್ಲ. ಮಿತಿಯೂ ಅಷ್ಟೇ ಸ್ಪಷ್ಟ. ಪ್ರಶ್ನೆಗೆ ಉತ್ತರ ಸಿಕ್ಕ ಕೂಡಲೇ ಪುಸ್ತಕ ಖಾಲಿಯಾಗುತ್ತದೆ. ಕೊಲೆ ಮಾಡಿದವನು ಯಾರೆಂದು ತಿಳಿದ ಮೇಲೆ ಹಿಂದಿನ ಪುಟಗಳಿಗೆ ಮರಳಿ ಹೋಗಬೇಕು ಅನ್ನಿಸುವುದಿಲ್ಲ.

ಈ ಮಿತಿಯನ್ನು ದಾಟುವುದು ಹೇಗೆ ಎಂಬುದಕ್ಕೆ 1994ರ ‘ಜುಗಾರಿ ಕ್ರಾಸ್’ ನನಗೆ ಸಿಕ್ಕ ಅತ್ಯುತ್ತಮ ಉದಾಹರಣೆ. 1973ರಲ್ಲಿ ‘ಅಬಚೂರಿನ ಪೋಸ್ಟಾಫೀಸು’ ಸಂಕಲನದ ಮುನ್ನುಡಿಯಲ್ಲಿ ನವ್ಯದ ದಾರಿ ಬಿಟ್ಟೆನೆಂದು ಘೋಷಿಸಿದ ತೇಜಸ್ವಿ, ಎರಡು ದಶಕಗಳ ಮೇಲೆ ನೇರವಾಗಿ ಥ್ರಿಲ್ಲರಿಗೇ ಕೈ ಹಾಕಿದರು. ಏಲಕ್ಕಿ ಮಾರಲು ಹೊರಟ ಸುರೇಶ ಮತ್ತು ಗೌರಿ ಎಂಬ ಎಳೆಯ ದಂಪತಿ, ಮಲೆನಾಡಿನ ಕಾಡಿನ ನಡುವಿನ ಒಂದು ಕೂಡುರಸ್ತೆ, ಕಳ್ಳಸಾಗಣೆಯ ಜಾಲ, ಹಳೆಯ ಕಾವ್ಯವೊಂದರೊಳಗೆ ಅಡಗಿರುವ ರತ್ನದ ಸುಳಿವು. ಎಲ್ಲವೂ ಸುಮಾರು ಒಂದು ಹಗಲು ರಾತ್ರಿಯೊಳಗೆ ನಡೆದುಹೋಗುತ್ತದೆ. ಪತ್ತೇದಾರಿ ಕಾದಂಬರಿಯ ಸಾಮಗ್ರಿಯೆಲ್ಲ ಇಲ್ಲಿದೆ, ಪತ್ತೇದಾರ ಮಾತ್ರ ಇಲ್ಲ. ತಮ್ಮ ಸುತ್ತ ಏನು ನಡೆಯುತ್ತಿದೆ ಎಂದು ಗಂಡ ಹೆಂಡತಿಗೆ ಪೂರ್ತಿ ಗೊತ್ತಾಗುವುದೂ ಇಲ್ಲ. ಯಾರು ಅಪರಾಧಿ ಎಂದು ಹುಡುಕಲು ಹೊರಟ ಓದುಗ ಸ್ವಲ್ಪ ಹೊತ್ತಿಗೆ ಇನ್ನೊಂದು ಪ್ರಶ್ನೆಗೆ ಬಂದು ನಿಲ್ಲುತ್ತಾನೆ: ಏಲಕ್ಕಿ ಬೆಳೆದವನು ಸಾಲದಲ್ಲೇ ಉಳಿದು, ಕಾಡನ್ನು ಕದ್ದು ಸಾಗಿಸುವವನು ಊರಿಗೇ ದೊಡ್ಡ ಮನುಷ್ಯನಾಗುವುದು ಹೇಗೆ? ಈ ಪ್ರಶ್ನೆಗೆ ಕೊನೆಯ ಪುಟದಲ್ಲಿ ಉತ್ತರವಿಲ್ಲ. ಹಾಗಾಗಿಯೇ ಮತ್ತೆ ಓದಿದರೂ ಕಾದಂಬರಿ ಹಳಸಿಲ್ಲ. ಕೊರತೆಗಳೂ ಇವೆ. ಖಳರಲ್ಲಿ ಕೆಲವರು ಹೆಸರು ಮತ್ತು ವೇಷಕ್ಕಿಂತ ಮುಂದೆ ಹೋಗುವುದಿಲ್ಲ, ಕಾಕತಾಳೀಯಗಳು ತುಸು ಜಾಸ್ತಿಯೇ ಆದವು. ಆದರೆ ವೇಗವನ್ನೂ ವಿಚಾರವನ್ನೂ ಹೀಗೆ ಒಂದೇ ನೊಗಕ್ಕೆ ಕಟ್ಟಿದ ಇನ್ನೊಂದು ಕನ್ನಡ ಕಾದಂಬರಿ ಬೇಗ ನೆನಪಿಗೆ ಬರುವುದಿಲ್ಲ.

‘ಕರ್ವಾಲೊ’ ಬಗ್ಗೆ ಎಲ್ಲರಿಗೂ ಗೊತ್ತಿದೆ. ಒಂದೇ ಮಾತು ಸೇರಿಸುತ್ತೇನೆ. ಹಾರುವ ಓತಿ ಕೊನೆಗೆ ಕೈತಪ್ಪಿ ಘಟ್ಟದ ಆಳದತ್ತ ತೇಲಿಹೋದಾಗ ಓದುಗನಿಗೆ ಮೋಸ ಹೋದೆ ಅನ್ನಿಸುವುದಿಲ್ಲವಲ್ಲ, ಅದಕ್ಕೆ ಕಾರಣ ಮಂದಣ್ಣ. ಜೇನು ಹಿಡಿಯುತ್ತ, ಮದುವೆಗೆ ಹಾತೊರೆಯುತ್ತ, ಊರವರ ಕಣ್ಣಿಗೆ ಪೆದ್ದನಾಗಿ ಕಾಣುವ ಈ ಹುಡುಗನೊಳಗೆ ಕರ್ವಾಲೊ ಒಬ್ಬ ಹುಟ್ಟು ನಿಸರ್ಗ ವಿಜ್ಞಾನಿಯನ್ನು ಗುರುತಿಸುತ್ತಾರೆ. ಓತಿಯನ್ನು ಹುಡುಕುತ್ತ ಹೊರಟವರಿಗೆ ದಾರಿಯಲ್ಲಿ ಮನುಷ್ಯನೊಬ್ಬ ಸಿಕ್ಕಿರುತ್ತಾನೆ.

ಇನ್ನು ‘ಘಾಚರ್ ಘೋಚರ್’. 2013ರ ಈ ಕಿರುಕಾದಂಬರಿ ಸಾಮಾಜಿಕ ಎಂಬ ಕಪಾಟಿನಲ್ಲೇ ಸಿಗುವಂಥದ್ದು: ಬೆಂಗಳೂರಿನ ಒಂದು ಕೂಡು ಕುಟುಂಬ, ಚಿಕ್ಕಪ್ಪನ ಮಸಾಲೆ ಪುಡಿ ವ್ಯಾಪಾರದಿಂದ ದಿಢೀರನೆ ಬಂದ ದುಡ್ಡು, ಹೊರಗಿನಿಂದ ಬಂದ ಸೊಸೆ. ನರಸಿಂಹಯ್ಯನವರ ಬೆನ್ನಿಗೇ ಓದಿದ್ದರಿಂದಲೋ ಏನೋ, ಈ ಸಲ ಅದು ನನಗೆ ಅಪ್ಪಟ ಅಪರಾಧ ಕಾದಂಬರಿಯಾಗಿ ಕಂಡಿತು. ಅಪರಾಧದ ಪಕ್ಕದಲ್ಲೇ ಕೂತವನು, ತಿಳಿದುಕೊಳ್ಳಲು ಮನಸ್ಸಿಲ್ಲದವನು, ಅವನೇ ಕತೆ ಹೇಳುತ್ತಿದ್ದಾನೆ. ಪತ್ತೇದಾರಿಕೆಯ ಕೆಲಸವೆಲ್ಲ ಓದುಗನ ತಲೆಗೆ ಬರುತ್ತದೆ.

ಒಂದು ಸನ್ನಿವೇಶವನ್ನು ಹತ್ತಿರದಿಂದ ನೋಡಬೇಕು. ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಮನೆ ಬಾಗಿಲಿಗೆ ಬರುತ್ತಾಳೆ. ಕೈಯಲ್ಲಿ ಅವನಿಗಿಷ್ಟವೆಂದು ಮಾಡಿ ತಂದ ಮಸೂರ್ ಬೇಳೆಯ ಸಾರು. ಅಮ್ಮ ಮತ್ತು ಅಕ್ಕ ಮಾಲತಿ ಅವಳ ಮೇಲೆ ಮುಗಿಬಿದ್ದು ಅಟ್ಟುತ್ತಾರೆ. ಒಳಗಿರುವ ಚಿಕ್ಕಪ್ಪ ಹೊರಗೆ ಬರುವುದಿಲ್ಲ. ನಿರೂಪಕ ನೋಡುತ್ತ ನಿಲ್ಲುತ್ತಾನೆ. ಅವಳು ಯಾರು, ಇಬ್ಬರ ನಡುವೆ ಇದ್ದದ್ದೇನು ಎಂಬುದಕ್ಕೆ ಕಾದಂಬರಿ ಎಲ್ಲಿಯೂ ಪೂರ್ತಿ ವಿವರ ಕೊಡುವುದಿಲ್ಲ. ಕೊಟ್ಟಿದ್ದರೆ ಅದೊಂದು ಗುಟ್ಟಿನ ಸಂಬಂಧದ ಕತೆಯಾಗಿ ಮುಗಿದುಹೋಗುತ್ತಿತ್ತು. ಕೊಡದ ಕಾರಣ ನಮ್ಮ ಗಮನ ಮನೆಯವರ ಮೇಲೇ ಉಳಿಯುತ್ತದೆ: ಅನ್ನ ಹಾಕುವವನೊಬ್ಬನನ್ನು ಕಾಪಾಡಲು ಮನೆಯವರೆಲ್ಲ ಯಾವ ಮಟ್ಟಕ್ಕೆ ಒಟ್ಟಾಗಬಲ್ಲರು? ಹಳೆಯ ಬಾಡಿಗೆ ಮನೆಯಲ್ಲಿ ಇರುವೆಗಳನ್ನು ಹೊಸಕಿ ಕೊಲ್ಲುತ್ತಿದ್ದ ಸಂಭ್ರಮವನ್ನು ನಾವಾಗಲೇ ಓದಿರುತ್ತೇವೆ. ಪ್ರಶ್ನೆ ಕೇಳಬಲ್ಲ ಒಬ್ಬಳೇ ಒಬ್ಬಳು ಸೊಸೆ ಅನಿತಾ. ಅವಳು ಊರಿಗೆಂದು ಹೋದವಳು ತಿರುಗಿ ಬಂದಿಲ್ಲ. ಕಾಫಿ ಹೌಸಿನಲ್ಲಿ ಕೂತ ನಿರೂಪಕನ ಬೆರಳಲ್ಲಿ ರಕ್ತ ಕಾಣುವ ಹೊತ್ತಿಗೆ, ನಮ್ಮ ಊಹೆಯನ್ನು ನಾವೇ ಜೋರಾಗಿ ಹೇಳಿಕೊಳ್ಳಲು ಅಂಜುತ್ತೇವೆ. ಕೆಲವರು ಈ ಕೊನೆಯನ್ನು ಅಪೂರ್ಣ ಎಂದರು. ನನಗೆ ಹಾಗನ್ನಿಸಲಿಲ್ಲ. ಉತ್ತರ ಹೇಳದೆ ಇರುವುದು ಲೇಖಕರ ಚಮತ್ಕಾರವಲ್ಲ, ಆ ನಿರೂಪಕನ ಸ್ವಭಾವವೇ ಅದು.

‘ದುರ್ಗಾಸ್ತಮಾನ’ದ್ದು ಇದಕ್ಕೆ ತದ್ವಿರುದ್ಧ ದಾರಿ. ಹೆಸರಿನಲ್ಲೇ ಕೊನೆಯನ್ನು ಹೇಳಿಬಿಟ್ಟಿದ್ದಾರೆ. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾಯಿತೆಂಬುದು ಶಾಲೆಯ ಮಕ್ಕಳಿಗೂ ಗೊತ್ತು. ಹಾಗಿದ್ದೂ ಮದಕರಿ ನಾಯಕ ಒಂದು ತಪ್ಪು ಹೆಜ್ಜೆ ಇಡುವಾಗ, ಹೈದರನಿಗೂ ಮರಾಠರಿಗೂ ನಡುವೆ ಸಿಕ್ಕಿ ಲೆಕ್ಕ ಹಾಕುವಾಗ, ಬೇಡ ಎನ್ನಬೇಕೆನ್ನಿಸುತ್ತದೆ. ಗೊತ್ತಿರುವ ಸೋಲನ್ನೇ ಕುತೂಹಲದ ವಸ್ತುವಾಗಿಸುವುದು ಸಣ್ಣ ಸಾಧನೆಯಲ್ಲ. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’ಗಳಿಂದ ದುರ್ಗದ ಕತೆಯನ್ನೇ ಜೀವಮಾನವಿಡೀ ಬರೆದ ತರಾಸು ಅವರಿಗೆ ಅಲ್ಲಿನ ಒಂದೊಂದು ಬಂಡೆಯೂ ಪರಿಚಿತ. ಇದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ, ಅವರು ತೀರಿಕೊಂಡ ಮರುವರ್ಷ. ಭಾಷಣದಂಥ ಸಂಭಾಷಣೆಗಳು ಇವತ್ತಿನ ಓದಿಗೆ ಭಾರ ಅನ್ನಿಸಿದ್ದು ನಿಜ. ಆದರೆ ಕೋಟೆ ಬೀಳುವ ಭಾಗಕ್ಕೆ ಬಂದಾಗ ಆ ಭಾರವೆಲ್ಲ ಕೆಲಸಕ್ಕೆ ಬರುತ್ತದೆ.

‘ತೇಜೋ ತುಂಗಭದ್ರಾ’ 2019ರದ್ದು. ಲಿಸ್ಬನ್ನಿನ ನದಿಯನ್ನೂ ನಮ್ಮ ತುಂಗಭದ್ರೆಯನ್ನೂ ಒಂದೇ ಕತೆಗೆ ಹರಿಸುವ ಎದೆಗಾರಿಕೆ ವಸುಧೇಂದ್ರರದು. ಲಿಸ್ಬನ್ನಿನ ಬೆಲ್ಲಾಳಿಗಾಗಿ ಹಡಗು ಹತ್ತುವ ಗೇಬ್ರಿಯಲ್‌ಗಿಂತ, ನದೀತೀರದ ಹಂಪಮ್ಮ ನನ್ನಲ್ಲಿ ಹೆಚ್ಚು ಉಳಿದಳು. ಹಡಗು, ಮೆಣಸು, ಧರ್ಮಪೀಡನೆಗಳ ವಿವರ ಸಮೃದ್ಧವಾಗಿದೆ. ಕೆಲವು ಕಡೆ ಲೇಖಕರ ಅಧ್ಯಯನ ಪಾತ್ರಗಳಿಗಿಂತ ಮುಂದೆ ನಡೆಯುತ್ತದೆ. ಸಾಲು ಸಾಲಾಗಿ ಬರುವ ಕ್ರೌರ್ಯದ ದೃಶ್ಯಗಳಲ್ಲಿ ಒಂದೆರಡು ಕಡಿಮೆಯಾಗಿದ್ದರೆ ಉಳಿದವು ಇನ್ನೂ ಆಳಕ್ಕೆ ಇಳಿಯುತ್ತಿದ್ದವು.

ಕೊನೆಗೆ ಓದಿದ್ದು ‘ಫಣಿಯಮ್ಮ’. ಮುಂದೇನಾಯಿತು ಎಂದು ಕೇಳಲು ಮೇಲ್ನೋಟಕ್ಕೆ ಇಲ್ಲಿ ಏನೂ ಇಲ್ಲ. ಬಾಲ್ಯದಲ್ಲೇ ವಿಧವೆಯಾದವಳ ಒಂದು ಶತಮಾನ ಮೀರಿದ ಬದುಕಿನಲ್ಲಿ ಎಲ್ಲವೂ ಮೊದಲೇ ಮುಗಿದಿದೆ ಎಂದು ಊರು ತೀರ್ಮಾನಿಸಿಬಿಟ್ಟಿದೆ. ಎಂ.ಕೆ. ಇಂದಿರಾ ಆ ತೀರ್ಮಾನವನ್ನು ಒಪ್ಪಲಿಲ್ಲ. ಮಡಿಯ ಮುದುಕಿ ಊರಾಚೆಯ ಕೇರಿಗೆ ರಾತ್ರಿ ನಡೆದುಹೋಗಿ ಕಷ್ಟದ ಹೆರಿಗೆ ಮಾಡಿಸುವ ಪುಟಗಳನ್ನು ‘ಜುಗಾರಿ ಕ್ರಾಸ್’ನಷ್ಟೇ ಬಿಗಿಯಾಗಿ ಉಸಿರು ಹಿಡಿದು ಓದಿದೆ. ಯಾರಾದರೂ ಕಂಡುಬಿಟ್ಟರೆ ಎಂಬ ಭಯ, ಮಗು ಉಳಿಯುತ್ತದೋ ಎಂಬ ಆತಂಕ, ಎರಡೂ ಒಟ್ಟಿಗೆ. ಇಂದಿರಾ ಅವರನ್ನು ಹೆಂಗಸರು ಮಧ್ಯಾಹ್ನ ಓದುವ ಲೇಖಕಿ ಎಂದು ಬದಿಗಿಟ್ಟವರು ಈ ಅಧ್ಯಾಯದ ಕಟ್ಟೋಣವನ್ನು ಸರಿಯಾಗಿ ನೋಡಿರಲಾರರು.

ಈ ಪುಸ್ತಕಗಳನ್ನು ಯಾರಾದರೂ ಹೊಸದಾಗಿ ಓದುವುದಾದರೆ ಪ್ರಕಟಣೆಯ ಇಸವಿಯ ಕ್ರಮ ಬೇಡ. ‘ಜುಗಾರಿ ಕ್ರಾಸ್’ ಮುಗಿಸಿದ ಮರುದಿನವೇ ‘ಘಾಚರ್ ಘೋಚರ್’ ಹಿಡಿಯಲಿ, ‘ದುರ್ಗಾಸ್ತಮಾನ’ ಮುಗಿದ ಮೇಲೆ ‘ತೇಜೋ ತುಂಗಭದ್ರಾ’ ಓದಲಿ. ‘ಫಣಿಯಮ್ಮ’ನನ್ನು ಮಾತ್ರ ಯಾವುದಾದರೂ ಥ್ರಿಲ್ಲರಿನ ಬೆನ್ನಿಗೇ ಓದಬೇಕು, ಉಸಿರು ಇನ್ನೂ ವೇಗದಲ್ಲಿರುವಾಗ.