ಮಡ್ಡಿಯ ಕಲ್ಲುಗಣಿ ಮತ್ತು ವನ್ಯಜೀವಿ: ಮೌಲ್ಯಮಾಪನದ ಕೊರತೆಗಳು

ವಿಜಯಪುರ ನಗರದ ಸುತ್ತಲಿನ ಹಾಗೂ ತಿಕೋಟಾ, ಬಬಲೇಶ್ವರ ತಾಲ್ಲೂಕುಗಳ ನೆಲ ಬಸಾಲ್ಟ್ ಶಿಲೆಯದು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಪದರಪದರವಾಗಿ ಹರಿದ ಲಾವಾ ಆರಿ ಆದ ಈ ಕರಿಕಲ್ಲು ಡೋಣಿ ನದಿಯ ತಗ್ಗಿನಲ್ಲಿ ಎರೆಮಣ್ಣಾಗಿದೆ, ಏರಿನಲ್ಲಿ ತೆಳುಮಣ್ಣಿನ ಮಡ್ಡಿಯಾಗಿ ಉಳಿದಿದೆ. ರಸ್ತೆ, ಮನೆ, ಕಾಲುವೆಗಳಿಗೆ ಬೇಕಾದ ಖಡಿ ಮತ್ತು ಗರಸು ಬರುವುದು ಇಂಥ ಮಡ್ಡಿಗಳಿಂದ. ಹುಲ್ಲು, ತಂಗಡಿ, ಬಾರಿ, ಜಾಲಿಗಳ ಈ ಬಯಲು ತೋಳ, ನರಿ, ಮೊಲ, ಕೌಜುಗ, ನೆಲಗುಬ್ಬಿಗಳ ನೆಲೆಯೂ ಹೌದು. ದಖ್ಖನ್ನಿನ ಇಂಥ ಹುಲ್ಲುಗಾವಲಿಗೆ ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಸೆಳೆವ ಎಂಬ ಬೇಟೆಹಕ್ಕಿಗಳು ಬರುತ್ತವೆ.

ಗಣಿಗಾರಿಕೆಯ ಹಾನಿ ತೋಡಿದ ಗುಂಡಿಗಷ್ಟೇ ಸೀಮಿತವಲ್ಲ. ಮೇಲ್ಮಣ್ಣು ತೆಗೆದ ದಿನವೇ ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಮತ್ತು ಬಿಲದ ಪ್ರಾಣಿಗಳು ನೆಲೆ ಕಳೆದುಕೊಳ್ಳುತ್ತವೆ. ಸಿಡಿಮದ್ದಿನ ಸದ್ದಿಗೆ ಮರಿಯಿರುವ ತೋಳ ಗವಿ ಬಿಡಬಹುದು. ಖಡಿ ಮಷಿನ್ನಿನ ಧೂಳು ಸುತ್ತಲಿನ ಹುಲ್ಲಿನ ಮೇಲೆ ಕೂರುತ್ತದೆ. ಟಿಪ್ಪರ್‌ಗಳ ದಾರಿ ಪ್ರಾಣಿಗಳ ಓಡಾಟದ ಜಾಡನ್ನು ತುಂಡರಿಸುತ್ತದೆ. ಕಡಿದಾದ ಗೋಡೆಯ ಗುಂಡಿಯಲ್ಲಿ ಮಳೆನೀರು ನಿಂತರೆ, ಕುಡಿಯಲು ಇಳಿದ ಪ್ರಾಣಿ ಮೇಲೇರಲಾರದೆ ಸಾಯುವ ಅಪಾಯವಿದೆ. ಆದರೆ ಕೆಲಸ ನಿಂತ ಗಣಿಯಲ್ಲಿ ಬೇರೊಂದು ಬಗೆಯ ಬದುಕು ಶುರುವಾಗುವುದುಂಟು. ಕೊಂಬಿನ ಗೂಬೆ ಹಳೆಯ ಗಣಿಗಳ ಗೋಡೆಯ ಗೂಡುಗಳಲ್ಲಿ ಮೊಟ್ಟೆಯಿಡುತ್ತದೆ. ನಿಂತ ನೀರಿಗೆ ಹಕ್ಕಿಗಳು ಬರುತ್ತವೆ. ಆದ್ದರಿಂದ ಪ್ರತಿ ಗಣಿಯನ್ನೂ ಅದರ ಸ್ಥಿತಿ ನೋಡಿಯೇ ಅಳೆಯಬೇಕು.

ಈಗಿನ ಮೌಲ್ಯಮಾಪನ ಸೋಲುವುದು ಇಲ್ಲೇ. 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆ ಗಣಿಗಳ ಪೈಕಿ ದೊಡ್ಡವನ್ನೇ ಮನಸ್ಸಿನಲ್ಲಿಟ್ಟುಕೊಂಡು ರೂಪುಗೊಂಡದ್ದು. 5 ಹೆಕ್ಟೇರಿಗಿಂತ ಚಿಕ್ಕ ಕಲ್ಲು, ಮರಳು ಗುತ್ತಿಗೆಗಳಿಗೂ ಪರಿಸರ ಅನುಮತಿ ಬೇಕೆಂದು ಸುಪ್ರೀಂ ಕೋರ್ಟ್ 2012ರ ಫೆಬ್ರವರಿಯಲ್ಲಿ ಹೇಳಿತು. 2016ರ ತಿದ್ದುಪಡಿ 500 ಮೀಟರ್ ಒಳಗಿನ ಗಣಿಗಳನ್ನು ಒಂದೇ ಗುಂಪಾಗಿ ನೋಡುವ ಕ್ರಮ ತಂದಿತು. ಇವು ಸರಿಯಾದ ಹೆಜ್ಜೆಗಳು, ಆದರೆ ಸಾಕಾಗುವುದಿಲ್ಲ. ಒಂದು ತೋಳದ ಗುಂಪು ಗಣಿಗಿಂತ ಬಹಳ ವಿಶಾಲವಾದ ಪ್ರದೇಶದಲ್ಲಿ ಸುತ್ತುತ್ತದೆ. ಅದಕ್ಕೆ ಬಂದ ಕುತ್ತು ಗಣಿಯ ಬೇಲಿಯೊಳಗೆ ನಿಂತು ನೋಡಿದರೆ ಕಾಣದು. ಒಂದೇ ಋತುವಿನ ಸಮೀಕ್ಷೆ ಬೇಸಿಗೆಯಲ್ಲಿ ನಡೆದರೆ ಸೆಳೆವ ಹಕ್ಕಿ ಪಟ್ಟಿಗೇ ಸೇರುವುದಿಲ್ಲ.

ನೆಲವನ್ನು ಮರಳಿ ಕಟ್ಟುವ ಕೆಲಸಕ್ಕೆ ರಾಜ್ಯದ ದೊಡ್ಡ ಪಾಠ ಬಳ್ಳಾರಿಯದು. 2011ರ ಜುಲೈ 29ರಂದು ಸುಪ್ರೀಂ ಕೋರ್ಟ್ ಅಲ್ಲಿನ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ನಿಲ್ಲಿಸಿತು. ಮತ್ತೆ ಆರಂಭಿಸಬೇಕಾದರೆ ಪ್ರತಿ ಗಣಿಗೂ ಪುನಶ್ಚೇತನ ಯೋಜನೆ ಬೇಕೆಂಬ ಷರತ್ತು ಬಂತು. ಮಣ್ಣುಗುಡ್ಡೆಗಳಿಗೆ ತಡೆಗೋಡೆ, ಹಳ್ಳಗಳಿಗೆ ತಡೆಯೊಡ್ಡು, ಇಳಿಜಾರಿಗೆ ಗಿಡ ನೆಡುವುದು ಅದರ ಮುಖ್ಯ ಭಾಗ. ಮಣ್ಣು ಮತ್ತು ನೀರನ್ನು ಹಿಡಿದಿಡಲು ಇದು ನಿಜಕ್ಕೂ ಒಳ್ಳೆಯ ಮಾದರಿ. ಆದರೆ ನೆಟ್ಟ ಗಿಡಗಳ ಎಣಿಕೆ ಕರಡಿ, ತೋಳಗಳು ಮರಳಿದವೇ ಎಂಬುದಕ್ಕೆ ಉತ್ತರವಾಗುವುದಿಲ್ಲ.

ಗಿಡಗಳ ಎಣಿಕೆಗೂ ಜೀವಗಳ ಮರಳುವಿಕೆಗೂ ನಡುವಿನ ಈ ಅಂತರ ವಿಜಯಪುರದಲ್ಲಿ ಇನ್ನೂ ದೊಡ್ಡದು. ದಾಖಲಿತ ಅರಣ್ಯ ತೀರಾ ಕಡಿಮೆಯಿರುವ ಈ ಜಿಲ್ಲೆಯಲ್ಲಿ ಗಿಡ ನೆಡುವ ಕೋಟಿ ವೃಕ್ಷ ಅಭಿಯಾನ ರಸ್ತೆ, ಕೆರೆದಂಡೆ, ಹೊಲದ ಬದುಗಳಿಗೆ ನೆರಳು ತರುವ ಮೆಚ್ಚತಕ್ಕ ಪ್ರಯತ್ನ. ಅದೇ ಕ್ರಮವನ್ನು ಮಡ್ಡಿಯ ಗಣಿಗೆ ಅನ್ವಯಿಸಿದರೆ ಫಲ ತಿರುಗುಮುರುಗಾಗುತ್ತದೆ. ಬಯಲಲ್ಲಿ ಬದುಕುವ ನೆಲಗುಬ್ಬಿಗೆ ದಟ್ಟ ನೆಡುತೋಪು ಮನೆಯಲ್ಲ. ಸರ್ಕಾರಿ ನಕ್ಷೆಗಳು ಇಂಥ ಕುರುಚಲು ಬಯಲನ್ನು ಪಾಳುಭೂಮಿಯ ಪಟ್ಟಿಗೆ ಸೇರಿಸಿರುವುದರಿಂದ, ಅಗೆದಾಗ ಕಳೆದುಹೋದದ್ದೂ ನಷ್ಟವೆನಿಸುವುದಿಲ್ಲ.

ಸರಿಯಾದ ಮೌಲ್ಯಮಾಪನ ಅಗೆಯುವ ಮೊದಲೇ ಆರಂಭವಾಗಬೇಕು. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಎಣಿಕೆ ನಡೆಯಬೇಕು. ಅಗೆಯದ ಪಕ್ಕದ ಮಡ್ಡಿಯೊಂದಿಗೆ ಹೋಲಿಕೆ ಇರಬೇಕು. ತೋಳದ ಜಾಡು ಬಲ್ಲ ಕುರಿಗಾಹಿಗಳ ಮಾತು ದಾಖಲಾಗಬೇಕು. ಗಣಿ ಮುಚ್ಚುವಾಗ ತೆಗೆದಿಟ್ಟ ಮೇಲ್ಮಣ್ಣನ್ನು ಮರಳಿ ಹರಡಿ ಸ್ಥಳೀಯ ಹುಲ್ಲಿನ ಬೀಜ ಬಿತ್ತಬೇಕು. ಗುಂಡಿಯ ಒಂದು ಬದಿಯನ್ನು ಇಳಿಜಾರು ಮಾಡಿ, ಗೂಬೆ ಗೂಡಿರುವ ಗೋಡೆಯನ್ನು ಹಾಗೇ ಬಿಡಬೇಕು. ಬಳಿಕ ಹಲವು ವರ್ಷ ಅದೇ ಎಣಿಕೆ ಮುಂದುವರಿಯಬೇಕು. ಮಡ್ಡಿಯ ಜೀವಗಳು ಮರಳಿ ಬಂದು ಮರಿಮಾಡಿದಾಗ ಮಾತ್ರ ಆ ನೆಲ ಚೇತರಿಸಿತೆಂದು ಪ್ರಮಾಣಪತ್ರ ಕೊಡಬಹುದು. ಅಲ್ಲಿಯವರೆಗೆ ಹಸಿರಾಗಿ ಕಂಡ ಗಣಿಯೂ ಕೆಟ್ಟ ನೆಲವೇ.