ಕೋಳಿ ಕಳೆದರೆ ಉಳಿಯೋದೇನು?

ಬೆಂಗಳೂರಿನಲ್ಲಿ "ಪ್ಯೂರ್ ವೆಜ್ ಏಷ್ಯನ್" ರೆಸ್ಟೊರೆಂಟುಗಳಿಗೆ ಯಾಕಿಷ್ಟು ಗಿರಾಕಿ ಅಂತ ತಿಳಿಯಬೇಕಾದರೆ ಯಾವುದಾದರೂ ಆಫೀಸಿನ ಟೀಮ್ ಲಂಚ್ ಪ್ಲಾನ್ ಆಗೋದನ್ನ ಒಮ್ಮೆ ನೋಡಬೇಕು. ಎಂಟು ಜನರಲ್ಲಿ ಮೂವರು ಮಾಂಸ ಮುಟ್ಟಲ್ಲ. ಅವರಲ್ಲೊಬ್ಬರಿಗೆ ಬೆಳ್ಳುಳ್ಳಿಯೂ ಆಗದು. ಇನ್ನೊಬ್ಬರಿಗೆ "ಅದೇ ಬಾಣಲೆ, ಅದೇ ಸೌಟು" ಅನ್ನೋ ಅನುಮಾನ. ಈ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ ನೋಡಿ. ಥಾಯ್ ಅಡುಗೆಯಲ್ಲಿ ಉಪ್ಪಿನ ಕೆಲಸವನ್ನು ಬಹುಪಾಲು ಮಾಡುವುದು ಮೀನಿನ ಸಾಸ್. ಜಪಾನಿನ ಮಿಸೊ ಸೂಪಿನ ತಳದಲ್ಲಿ ಸಾಮಾನ್ಯವಾಗಿ ಒಣಮೀನಿನ ರಸ ಇರುತ್ತದೆ. ಕಿಮ್ಚಿಗೆ ಉಪ್ಪು ಹಾಕಿಟ್ಟ ಸಿಗಡಿ ಬೀಳುತ್ತದೆ. ಬರೀ ತರಕಾರಿಯ ಹಾಗೆ ಕಾಣುವ ಬಟ್ಟಲಿನಲ್ಲೂ ಸಮುದ್ರ ಅಡಗಿ ಕೂತಿರುತ್ತದೆ. ಹಾಗಾಗಿ ಏನನ್ನೂ ವಿಚಾರಿಸದೆ ಮೆನುವಿನ ಯಾವ ಸಾಲಿನ ಮೇಲಾದರೂ ಬೆರಳಿಟ್ಟು ತರಿಸಿಕೊಳ್ಳುವ ಸುಖ ಸಸ್ಯಾಹಾರಿಗೆ ಸಿಗೋದು ಇಂಥ ಜಾಗದಲ್ಲಿ ಮಾತ್ರ. ಅದು ಸಣ್ಣ ಸುಖವೇನಲ್ಲ.

ನನ್ನ ತಕರಾರು ಬೇರೆ. ಈ ಅಡುಗೆಮನೆಗಳು ಸಸ್ಯಾಹಾರ ಅಂದರೆ ಕಳೆಯುವ ಲೆಕ್ಕ ಅಂದುಕೊಂಡುಬಿಟ್ಟಿವೆ.

ಹೋದ ತಿಂಗಳು ಇಂಥದ್ದೇ ಒಂದು ರೆಸ್ಟೊರೆಂಟಿಗೆ ಹೋಗಿದ್ದೆವು. ಹೆಸರು ಬೇಡ, ಯಾಕಂದ್ರೆ ಹೆಸರು ಬದಲಾಯಿಸಿದರೂ ಕಥೆ ಬದಲಾಗಲ್ಲ. ಬಿದಿರಿನ ದೀಪ, ಮೂಲೆಯಲ್ಲಿ ಬುದ್ಧ, ಐದು ದೇಶಗಳ ಮೆನು. ಮೊದಲು ಬಂದದ್ದು ಕ್ಲಿಯರ್ ಸೂಪ್, 325 ರೂಪಾಯಿ. ಹೂವಿನಂತೆ ಕತ್ತರಿಸಿದ ಎರಡು ಬಿಲ್ಲೆ ಕ್ಯಾರೆಟ್, ಮೂರು ಅಣಬೆ ಚೂರು, ಉಪ್ಪು ಹಾಕಿದ ಬಿಸಿನೀರು. ಸ್ಟಾಕ್ ಯಾವುದರದ್ದು ಅಂತ ಕೇಳಿದೆ. "ವೆಜ್ ಸ್ಟಾಕ್ ಸರ್" ಅಂದ ಹುಡುಗ. ಯಾವ ತರಕಾರಿಯದ್ದಪ್ಪಾ ಅಂದರೆ ಪಾಪ ಒಳಗೆ ಹೋಗಿ ವಿಚಾರಿಸಿಕೊಂಡು ಬಂದ. "ಪೌಡರ್ ಸರ್."

ಆಮೇಲಿನದ್ದೆಲ್ಲ ಆ ಪೌಡರಿನ ಸಂತಾನವೇ. ರಾಮೆನ್‌ಗೂ ಅದೇ ರಸ, ಮೇಲೊಂದಿಷ್ಟು ಕೆಂಪೆಣ್ಣೆ. ಥಾಯ್ ಹಸಿರು ಕರಿಯಲ್ಲಿ ಪನೀರ್ ತುಂಡುಗಳು. ಕಣ್ಣು ಮುಚ್ಚಿ ತಿಂದರೆ ಪಾಲಕ್ ಪನೀರಿನ ದೂರದ ನೆಂಟ. ಸುಶಿಯಲ್ಲಿ ಚೀಸ್. ಸಿಹಿಯ ವಿಚಾರ ಬಿಡಿ.

ಪನೀರ್ ಮೇಲೆ ನನಗೇನೂ ದ್ವೇಷವಿಲ್ಲ, ಪರಾಠಾ ಜೊತೆ ಚೆನ್ನಾಗಿರುತ್ತೆ. ಆದರೆ ಹಾಲಿನ ಪದಾರ್ಥ ಆ ಅಡುಗೆಗಳಿಗೆ ಹೊರಗಿನದು. ಜೊತೆಗೆ ಅದು ರಸವನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ತೋಫುವಿನ ಸ್ವಭಾವವೇ ಬೇರೆ. ಅದನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜಿನಂತಾಗಿ ರಸವನ್ನೆಲ್ಲ ಹೀರಿಕೊಂಡು ಕೂರುತ್ತದೆ. ಜಪಾನಿನಲ್ಲಿ ಇದಕ್ಕೆ ಕೊಯಾ ತೋಫು ಅಂತಾರೆ, ಬೌದ್ಧ ಮಠಗಳಿರುವ ಕೊಯಾ ಬೆಟ್ಟದ ಹೆಸರು. ಮಠದ ಹೆಸರು ಹೊತ್ತ ತೋಫುವನ್ನು ಬಿಟ್ಟು ಪನೀರ್ ಹಾಕೋದು, ಬುದ್ಧನ ಮೂರ್ತಿಯನ್ನು ಮೂಲೆಯಲ್ಲಿ ಅಲಂಕಾರಕ್ಕೆ ನಿಲ್ಲಿಸೋದು!

ಯಾಕೆ ಇಷ್ಟು ಸಿಟ್ಟು ಅಂದ್ರೆ, ಪೂರ್ವ ಏಷ್ಯಾಕ್ಕೆ ಸಸ್ಯಾಹಾರ ಹೊಸ ಫ್ಯಾಶನ್ ಅಲ್ಲ. ಚೀನಾದ ಲಿಯಾಂಗ್ ವಂಶದ ದೊರೆ ವೂ 6ನೇ ಶತಮಾನದಲ್ಲೇ ಭಿಕ್ಷುಗಳಿಗೆ ಮಾಂಸ ಬೇಡವೆಂದು ಕಟ್ಟು ಮಾಡಿದ್ದ. ಜಪಾನಿನ ಝೆನ್ ಗುರು ದೋಗೆನ್ 1237ರಲ್ಲಿ ಮಠದ ಅಡುಗೆಯವರಿಗಾಗಿಯೇ ಒಂದು ಗ್ರಂಥ ಬರೆದ. ಅದರಲ್ಲಿ ಅವನು ಚೀನಾಕ್ಕೆ ಹೋದಾಗಿನ ಒಂದು ಪ್ರಸಂಗ ಬರುತ್ತದೆ. ಮಠದ ನೂಡಲ್ ಸೂಪಿಗೆ ಬೇಕಾದ ಒಂದು ಸಾಮಾನಿಗಾಗಿ ಮುದುಕ ಅಡುಗೆಯವನೊಬ್ಬ ದೂರದಿಂದ ಜಪಾನಿನ ಹಡಗಿನ ತನಕ ನಡೆದು ಬಂದಿರುತ್ತಾನೆ. ರಾತ್ರಿ ಉಳಿದುಕೊಳ್ಳಿ ಅಂದರೂ ಕೇಳಲ್ಲ, ನಾಳೆಯ ಅಡುಗೆ ಕೆಡುತ್ತದೆ ಅಂತ ವಾಪಸ್ ಹೊರಡುತ್ತಾನೆ. ನಮಗೆ ಸಿಕ್ಕ ಪೌಡರ್ ಪ್ಯಾಕೆಟ್ಟಿನ ಎದುರು ಈ ಮುದುಕನನ್ನು ನಿಲ್ಲಿಸಿ ನೋಡಿ.

ಈ ಮಠಗಳ ಅಡುಗೆಯ ಗುಟ್ಟೆಲ್ಲ ರಸದಲ್ಲಿದೆ. ಜಪಾನಿನಲ್ಲಿ ಕೊಂಬು ಅನ್ನುವ ಕಡಲಪಾಚಿ, ಜೊತೆಗೆ ಒಣಗಿಸಿದ ಶಿಟಾಕೆ ಅಣಬೆ. ಕೊಂಬುವಿನ ರುಚಿಗೆ ಗ್ಲುಟಮೇಟ್ ಕಾರಣ ಅಂತ ಕಿಕುನಾಯೆ ಇಕೆದಾ ಕಂಡುಹಿಡಿದು ಆ ರುಚಿಗೆ ಉಮಾಮಿ ಅಂತ ಹೆಸರಿಟ್ಟಿದ್ದು 1908ರಲ್ಲಿ. ಒಣ ಶಿಟಾಕೆಯಲ್ಲಿರುವುದು ಇನ್ನೊಂದು ವಸ್ತು. ಎರಡೂ ಸೇರಿದಾಗ ರುಚಿ ಬರೀ ಕೂಡುವುದಿಲ್ಲ, ಹಲವು ಪಟ್ಟು ಏರುತ್ತದೆ ಅನ್ನೋದು ಲ್ಯಾಬಿನವರಿಗೆ ಗೊತ್ತಾಗಿದ್ದು ಇನ್ನೂ ಅರ್ಧ ಶತಮಾನದ ನಂತರ. ಭಿಕ್ಷುಗಳು ಅಷ್ಟು ಹೊತ್ತಿಗೆ ಶತಮಾನಗಳಿಂದ ಅದನ್ನೇ ಕುಡಿಯುತ್ತಿದ್ದರು.

ಕೊಂಬು ದುಬಾರಿ, ಆಮದು ಮಾಲು ಅಂತ ಯಾರಾದರೂ ಹೇಳಬಹುದು. ಸರಿ, ಚೀನಾದ ಸಸ್ಯಾಹಾರಿ ಅಡುಗೆಯವರು ಮೊಳಕೆ ಬಂದ ಸೋಯಾ ಕಾಳನ್ನು ಕುದಿಸಿ ರಸ ತೆಗೆಯುತ್ತಾರೆ. ಮೊಳಕೆ ಕಾಳು, ಕುದಿಸು, ಕಟ್ಟು ಬಸಿ... ಎಲ್ಲೋ ಕೇಳಿದ ಹಾಗಿದೆ ಅಲ್ವಾ? ನಮ್ಮ ಹುರುಳಿಕಟ್ಟಿನ ಸಾರು ಇದೇ ಜಾತಿಯದ್ದು. ಬಸ್ಸಾರೂ ಅಷ್ಟೇ. ಸೊಪ್ಪು, ಕಾಳು ಬೇಯಿಸಿ ಬಸಿದ ನೀರು ಚೆಲ್ಲಬಾರದು, ಊಟದ ಸಾರವೆಲ್ಲ ಅದರಲ್ಲಿದೆ ಅಂತ ಹಳೇ ಮೈಸೂರಿನ ಯಾವ ಅಜ್ಜಿಯನ್ನು ಕೇಳಿದರೂ ಹೇಳ್ತಾರೆ. ಮಾಂಸವಿಲ್ಲದೆ ಗಟ್ಟಿ ರಸ ತೆಗೆಯುವ ವಿದ್ಯೆ ಮನೆಯಲ್ಲೇ ಇರುವ ನಾಡಿನಲ್ಲಿ ಕೂತು, ಬಿಸಿನೀರಿಗೆ 325 ರೂಪಾಯಿ ಕೊಡ್ತಾ ಇದೀವಿ.

ಈರುಳ್ಳಿ ಬೆಳ್ಳುಳ್ಳಿ ವಿಷಯಕ್ಕೆ ಬನ್ನಿ. ನಮ್ಮ ಜೊತೆ ಬಂದಿದ್ದ ಗೆಳತಿ "ಜೈನ್ ಆಪ್ಷನ್" ಕೇಳಿದಳು. ಬಂದ ತಟ್ಟೆಯಲ್ಲಿ ಬೆಳ್ಳುಳ್ಳಿ ಇರಲಿಲ್ಲ, ನಿಜ. ಅದರ ಜಾಗದಲ್ಲಿ ಇನ್ನೇನೂ ಇರಲಿಲ್ಲ. ತಮಾಷೆ ಏನು ಗೊತ್ತಾ, ಚೀನಾದ ಬೌದ್ಧರೂ ಬೆಳ್ಳುಳ್ಳಿ, ಈರುಳ್ಳಿ ಜಾತಿಯನ್ನು ದೂರ ಇಡುತ್ತಾರೆ. ಘಾಟಿನ ಐದು ಪದಾರ್ಥಗಳ ಪಟ್ಟಿಯೇ ಇದೆ. ತೈವಾನಿನಲ್ಲಿ ಸಸ್ಯಾಹಾರಿ ಪ್ಯಾಕೆಟ್ಟುಗಳ ಮೇಲೆ ಈ ಐದು ಸೇರಿವೆಯೇ ಅಂತ ಬೇರೆಯಾಗಿಯೇ ನಮೂದಿಸಬೇಕು. ಥಾಯ್ಲೆಂಡಿನ 'ಜೇ' ಊಟದ ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲೂ ಬೆಳ್ಳುಳ್ಳಿ ಇಲ್ಲ, ಮೀನಿನ ಸಾಸೂ ಇಲ್ಲ. ಚೀನೀ ಪಟ್ಟಿಯ ಐದನೆಯದು ಯಾವುದು ಅಂತೀರಾ? ನಮ್ಮ ಇಂಗು! ಅಲ್ಲಿನ ಹೆಸರೂ 'ಹಿಂಗು'ವಿನಿಂದಲೇ ಬಂದದ್ದು. ಅಲ್ಲಿ ಭಿಕ್ಷುಗಳಿಗೆ ವರ್ಜ್ಯವಾದ ಇಂಗು ಇಲ್ಲಿ ಉಡುಪಿ ಕಡೆಯ ಈರುಳ್ಳಿಯಿಲ್ಲದ ಸಾರಿಗೆ ಜೀವ. ಎರಡೂ ಕಡೆಯವರು ಒಂದನ್ನು ಬಿಟ್ಟಾಗ ಇನ್ನೊಂದನ್ನು ಹುಡುಕಿಕೊಂಡರು. ಅವರಿಗೆ ಶುಂಠಿ, ಎಳ್ಳೆಣ್ಣೆ, ಅಣಬೆ, ಹುದುಗಿಸಿದ ಸೋಯಾ ಇದ್ದವು. ಆ ತಟ್ಟೆಯಲ್ಲಿ ಇವುಗಳಲ್ಲಿ ಒಂದಾದರೂ ಇದ್ದಿದ್ದರೆ ಗೆಳತಿ ಅರ್ಧಕ್ಕೆ ಬಿಡುತ್ತಿರಲಿಲ್ಲ.

ಮೆನುವಿನಲ್ಲಿ "ಮಾಕ್ ಡಕ್" ಕೂಡ ಇತ್ತು. ಗೋಧಿ ಹಿಟ್ಟನ್ನು ನೀರಿನಲ್ಲಿ ತೊಳೆದು ತೊಳೆದು, ಪಿಷ್ಟವೆಲ್ಲ ಹೋದ ಮೇಲೆ ಉಳಿಯುವ ಜಿಗುಟಿನಿಂದ ಮಾಡಿದ ಸುಳ್ಳು ಬಾತುಕೋಳಿ. ನಮ್ಮ ಸಸ್ಯಾಹಾರಿಗಳು ಅದನ್ನು ಕಂಡು ಮುಖ ಕಿವುಚಿದರು: ತಿನ್ನದ ಪ್ರಾಣಿಯ ಹೆಸರನ್ನೇಕೆ ತಟ್ಟೆಗೆ ತರಬೇಕು? ನ್ಯಾಯವಾದ ಪ್ರಶ್ನೆ. ಆದರೆ ಚೀನಾದಲ್ಲಿ ಸೋಂಗ್ ಕಾಲದಿಂದಲೂ ಇಂಥ ಅಡುಗೆ ಇದೆ. ಶಾಂಘೈನ ಗಾಂಗ್‌ದೆಲಿನ್ 1922ರಿಂದ ಇದನ್ನೇ ಬಡಿಸಿ ಹೆಸರು ಮಾಡಿದೆ. ನನಗನಿಸೋದು, ಅದು ಮಾಂಸ ತಿನ್ನುವ ಅತಿಥಿಗೆ ತೋರುವ ಮರ್ಯಾದೆ: ನಮ್ಮ ನಿಯಮ ನಾವು ಬಿಡಲ್ಲ, ನಿಮ್ಮನ್ನೂ ಬರಿಗೈಲಿ ಕಳಿಸಲ್ಲ. ಟೀಮ್ ಲಂಚಿನಲ್ಲಿ ಉಳಿದ ಐದು ಜನರೂ ಅತಿಥಿಗಳೇ ತಾನೆ? ಪಾಪ, ಅವರು ಗೊಣಗದೆ ಬಂದಿದ್ದರು. ಅವರ ಪಾಲಿಗೆ ಬಂದ ಬಾತುಕೋಳಿ ಮಾತ್ರ ಸಿಹಿ ಸಾಸಿನಲ್ಲಿ ಅದ್ದಿದ ರಬ್ಬರ್. ಅವರಲ್ಲೊಬ್ಬ ಸಂಜೆ ಆಫೀಸಿನ ಕೆಳಗೆ ಎಗ್ ರೈಸ್ ತಿನ್ನುತ್ತಾ ಸಿಕ್ಕ. ಅದಕ್ಕಿಂತ ನೇರವಾದ ವಿಮರ್ಶೆ ಬೇಕಾ?

ಗೋಬಿ ಮಂಚೂರಿಯನ್ ಬಗ್ಗೆ ಒಂದು ಮಾತು. ಏಷ್ಯನ್ ಊಟದ ಶುದ್ಧತೆ ಮಾತಾಡುವವರು ಅದನ್ನು ನೋಡಿ ನಗುತ್ತಾರೆ. ನಾನು ನಗಲ್ಲ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಅದಕ್ಕೆ ಕೃತಕ ಬಣ್ಣ ಹಾಕಬಾರದು ಅಂದಾಗಲೂ ಗಾಡಿಗಳ ಮುಂದಿನ ಜನ ಕರಗಲಿಲ್ಲ. ಅದು ಚೀನಾದ್ದು ಅಂತ ಯಾರೂ ನಂಬಿಸುತ್ತಿಲ್ಲ. ಹೂಕೋಸನ್ನು ಹೂಕೋಸಾಗಿಯೇ ಕರಿದು, ಖಾರ ಹುಳಿ ಹಾಕಿ, ಪೇಪರ್ ತಟ್ಟೆಯಲ್ಲಿ ಕೊಡ್ತಾರೆ. ಯಾವುದರ ಬದಲಿಗೂ ಅದು ಬಂದಿಲ್ಲ.

ಅಂದಹಾಗೆ ಆ ಮಧ್ಯಾಹ್ನವೂ ತಟ್ಟೆ ಖಾಲಿಯಾದದ್ದು ಒಂದೇ ಒಂದು: ತಾವರೆ ದಂಟು, ತೆಳ್ಳಗೆ ಹೆಚ್ಚಿ, ಶುಂಠಿ, ಕಾಳುಮೆಣಸಿನ ಜೊತೆ ದೊಡ್ಡ ಉರಿಯಲ್ಲಿ ಹುರಿದದ್ದು. ಎಂಟೂ ಜನ ಕೈ ಹಾಕಿದರು, ಎರಡನೇ ಸಲವೂ ತರಿಸಿದೆವು. ಇಂಥ ಕಡೆ ಹೋದರೆ ನೀವೂ ಮೊದಲು ಒಂದು ಕ್ಲಿಯರ್ ಸೂಪ್ ಹೇಳಿ, ಇಬ್ಬರು ಹಂಚಿಕೊಳ್ಳಿ, ಸ್ಟಾಕ್ ಯಾವುದರದ್ದು ಅಂತ ಕೇಳಿ. ಅಣಬೆ, ಮೊಳಕೆ ಕಾಳು, ಮೂಲಂಗಿ ಅಂತ ಏನಾದರೂ ಉತ್ತರ ಬಂದರೆ ಧೈರ್ಯವಾಗಿ ರಾಮೆನ್ ತರಿಸಿ. ಪೌಡರ್ ಅಂದರೆ ರಸದ ಸಹವಾಸ ಬಿಟ್ಟು, ಹುರಿದದ್ದು ಕರಿದದ್ದರ ಪುಟ ತಿರುವಿ.